ಆರು ವರ್ಷದೊಳಗಿನ ಮಕ್ಕಳಿಗೆ ಊರಲ್ಲೊಂದು ಜಾಗ, ವಾರದಲ್ಲೊಂದು ಹೊತ್ತು: ಸಾಗರ ನಗರಸಭೆಗೆ ಮನವಿ ಪತ್ರ

ಸ್ಥಳ: ಸಾಗರ
ದಿನಾಂಕ: ..................

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಪೌರಾಯುಕ್ತರು,
ನಗರಸಭೆ, ಸಾಗರ,
ಶಿವಮೊಗ್ಗ ಜಿಲ್ಲೆ.

ಇವರಿಂದ,
ನಗರದ ಪುಟ್ಟ ಮಕ್ಕಳ ತಂದೆ-ತಾಯಂದಿರು ಹಾಗೂ ಅಜ್ಜ-ಅಜ್ಜಿಯರು (ಸಹಿಗಳ ಪಟ್ಟಿ ಲಗತ್ತಿಸಿದೆ).

ವಿಷಯ: ಆರು ವರ್ಷದೊಳಗಿನ ಮಕ್ಕಳು ಮನೆಯವರೊಂದಿಗೆ ಸೇರಿ ಆಡಲು, ಕಥೆ ಕೇಳಲು, ನಾಟಕ ನೋಡಲು ನಗರದಲ್ಲಿ ಕಾಯಂ ವ್ಯವಸ್ಥೆ ಕಲ್ಪಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಶಾಲೆಗೆ ಹೋಗುವ ಮಕ್ಕಳಿಗೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಬೇಸಿಗೆ ಶಿಬಿರಗಳಿವೆ. ಇನ್ನೂ ಒಂದನೇ ತರಗತಿಗೆ ಸೇರದ ಮಗುವನ್ನು ಅಂಗನವಾಡಿ ಬಿಟ್ಟ ಮೇಲೆ, ಭಾನುವಾರ ಅಥವಾ ಮಳೆ ಹಿಡಿದ ದಿನ ಎಲ್ಲಿಗೆ ಕರೆದೊಯ್ಯಬೇಕು ಎಂಬುದು ಮಾತ್ರ ಮನೆಮನೆಯ ಪ್ರಶ್ನೆಯಾಗಿಯೇ ಉಳಿದಿದೆ. ಅಂಗಳವಿದ್ದ ಮನೆಗಳು ಕಡಿಮೆಯಾಗಿ, ನಿವೇಶನದ ಅಂಚಿನವರೆಗೂ ಗೋಡೆ ಎದ್ದಿರುವ ಬಡಾವಣೆಗಳಲ್ಲಿ ಮಗುವಿನ ಕೈಗೆ ಮೊದಲು ಸಿಗುವುದು ಮೊಬೈಲು. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈಕೈ ಆಡಿಸಬೇಕು, ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೂರು ಗಂಟೆ ಓಡಾಡಲು ಜಾಗವಿಲ್ಲದ ಮನೆಯಲ್ಲಿ ಪರದೆಯ ಮಿತಿಯನ್ನು ಕಾಯುವುದು ತಾಯಿಯೊಬ್ಬಳ ಜಾಣ್ಮೆಯಿಂದ ಆಗುವ ಕೆಲಸವಲ್ಲ.

ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ನಡೆಯುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆಟ ಮತ್ತು ವಿರಾಮವನ್ನು ಮಗುವಿನ ಹಕ್ಕೆಂದು ಗುರುತಿಸುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಗೆ ಭಾರತ 1992ರಿಂದ ಬದ್ಧವಾಗಿದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯು ಉದ್ಯಾನ, ಆಟದ ಮೈದಾನಗಳ ಜೊತೆಗೆ ಸಾಂಸ್ಕೃತಿಕ ಚಟುವಟಿಕೆಗಳ ಉತ್ತೇಜನವನ್ನೂ ನಗರಾಡಳಿತದ ಪಟ್ಟಿಯಲ್ಲಿ ಇರಿಸಿದೆ. ಆದ್ದರಿಂದ ಈ ಮನವಿಯನ್ನು ಸೌಜನ್ಯದ ಕೋರಿಕೆಯೆಂದು ಮಾತ್ರ ನೋಡದೆ, ನಗರಸಭೆಯ ಕಾರ್ಯವ್ಯಾಪ್ತಿಗೆ ಸೇರಿದ ಬೇಡಿಕೆಯೆಂದು ಪರಿಗಣಿಸಬೇಕು.

ಕೋಟಿಗಟ್ಟಲೆ ಖರ್ಚಿನ ಮನರಂಜನಾ ಪಾರ್ಕನ್ನು ನಾವು ಕೇಳುತ್ತಿಲ್ಲ. ಅಂಥದ್ದಕ್ಕೆ ವರ್ಷಕ್ಕೊಮ್ಮೆ ಹೋಗಿಬಂದರೆ ಮೂರು ವರ್ಷದ ಮಗುವಿಗೆ ಸಿಗುವುದು ಅಷ್ಟರಲ್ಲೇ ಇದೆ. ಆ ವಯಸ್ಸಿಗೆ ಬೇಕಾದದ್ದು ಅದೇ ಜಾಗ, ಅದೇ ಹೊತ್ತು, ಅದೇ ನಾಲ್ಕು ಜನ ಗೆಳೆಯರು, ಮತ್ತೆ ಮತ್ತೆ. ದೊಡ್ಡ ನಗರಗಳಲ್ಲಿ ಹುಡುಕಿದರೂ ಸಿಗದ ರಂಗಭೂಮಿ, ಚಿತ್ತಾರ, ಕೆತ್ತನೆ, ಇತಿಹಾಸ ಸಾಗರದ ಸುತ್ತಲೇ ಇವೆ. ಇರುವುದನ್ನು ಜೋಡಿಸಿ, ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ಪುಟ್ಟ ಮಕ್ಕಳಿಗೆ ಬಾಗಿಲು ತೆರೆಯಬೇಕೆಂಬುದೇ ನಮ್ಮ ಒಟ್ಟು ಬೇಡಿಕೆ. ಅದರ ವಿವರ ಹೀಗಿದೆ:

1. ಉದ್ಯಾನದಲ್ಲಿ ಪುಟ್ಟ ಮಕ್ಕಳ ಮೂಲೆ. ಹತ್ತು-ಹನ್ನೆರಡು ವರ್ಷದವರು ಜೀಕುವ ಉಯ್ಯಾಲೆಯ ಬಳಿಯೇ ಎರಡು ವರ್ಷದ ಮಗುವನ್ನು ಬಿಡಲಾಗದು. ನಗರಸಭೆಯ ಉದ್ಯಾನಗಳಲ್ಲಿ ಮೊದಲ ಹಂತದಲ್ಲಿ ಕನಿಷ್ಠ ಎರಡನ್ನು ಆರಿಸಿ, ಆರು ವರ್ಷದೊಳಗಿನವರಿಗೆಂದೇ ಬೇಲಿ ಕಟ್ಟಿದ ಮೂಲೆಯೊಂದನ್ನು ಮಾಡಬೇಕು. ಅಲ್ಲಿ ತಗ್ಗಾದ ಜಾರುಬಂಡೆ, ಮಗು ಜಾರಿ ಬೀಳದಂತೆ ಸುತ್ತ ಆಸರೆಯಿರುವ ಉಯ್ಯಾಲೆ, ಕೆಳಗೆ ಕಾಂಕ್ರೀಟಿನ ಬದಲು ಮರಳು ಇರಬೇಕು. ತಗಡಿನ ಜಾರುಬಂಡೆ ಬೇಸಿಗೆಯಲ್ಲಿ ಕಾದು ತೊಡೆ ಸುಡುತ್ತದೆ; ಅದನ್ನು ಮರದ ನೆರಳಿಗೆ ಹಾಕಬೇಕು. ನಾಯಿ, ಬೆಕ್ಕು ಹೊಲಸು ಮಾಡದಂತೆ ರಾತ್ರಿ ಮರಳುಗುಂಡಿಗೆ ಟಾರ್ಪಾಲು ಹೊದಿಸಬೇಕು. ಕಾಯುವ ಅಜ್ಜ-ಅಜ್ಜಿಯರಿಗೆ ಬೆನ್ನೊರಗುವ ಬೆಂಚು, ತಾಯಂದಿರು ಹಾಲೂಡಿಸಲು ಮರೆಯಿರುವ ಜಾಗ, ಕುಡಿಯುವ ನೀರು, ಶೌಚಾಲಯ ಕಡ್ಡಾಯವಾಗಿರಬೇಕು.

2. ಮಳೆಗಾಲಕ್ಕೊಂದು ಸೂರು. ಮಲೆನಾಡಿನಲ್ಲಿ ಮೃಗಶಿರದಿಂದ ಮಘೆಯವರೆಗೆ ಉದ್ಯಾನ ಇದ್ದೂ ಇಲ್ಲದಂತೆ. ಬಯಲುಸೀಮೆಯ ಊರಿಗೆ ಹೊಂದುವ ಯೋಜನೆಯನ್ನು ಇಲ್ಲಿಗೆ ತಂದರೆ ವರ್ಷದ ಮೂರನೇ ಒಂದು ಭಾಗ ಅದು ನೀರಲ್ಲಿ ನೆನೆಯುತ್ತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಎರಡೆರಡು ಗಂಟೆ ಸಮುದಾಯ ಭವನವೊಂದನ್ನು ಬಾಡಿಗೆಯಿಲ್ಲದೆ ಕುಟುಂಬಗಳಿಗೆ ಬಿಟ್ಟುಕೊಡಬೇಕು. ಚಾಪೆ, ಮರದ ಗೊಂಬೆ, ಚೆಂಡು, ಜೊತೆಗೆ ಬರುವ ದೊಡ್ಡ ಮಕ್ಕಳಿಗೆ ಚನ್ನೆಮಣೆ, ಚೌಕಾಬಾರ ಇದ್ದರೆ ಸಾಕು. ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ನಮ್ಮೂರಲ್ಲೇ ಇರುವಾಗ ಪ್ಲಾಸ್ಟಿಕ್ ಆಟಿಕೆಗಳನ್ನೇ ಕೊಳ್ಳಬೇಕಾಗಿಲ್ಲ. ಚೂಪಿಲ್ಲದ, ಬಣ್ಣ ಬಿಡದ ಸಾದಾ ಮರದ ಆಟಿಕೆಗಳನ್ನು ಅವರಿಂದಲೇ ಮಾಡಿಸಬಹುದು.

3. ಶನಿವಾರದ ಕಥೆ. ಆಸ್ತಿ ತೆರಿಗೆಯೊಂದಿಗೆ ನಾಗರಿಕರು ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಾರೆ. ಇದರಲ್ಲಿ ಇನ್ನೂ ಓದಲು ಬಾರದ ಮಕ್ಕಳಿಗೂ ಪಾಲು ಸಿಗಬೇಕು. ಗ್ರಂಥಾಲಯ ಇಲಾಖೆಯೊಂದಿಗೆ ಮಾತಾಡಿ, ನೆಲಕ್ಕೆ ಚಾಪೆ ಹಾಸಿದ, ಮಗುವಿನ ಕೈಗೆಟಕುವ ಕಪಾಟಿರುವ ಮೂಲೆಯೊಂದನ್ನು ತೆರೆಸಬೇಕು. ಕನ್ನಡದ ಚಿತ್ರಪುಸ್ತಕಗಳನ್ನು ಕೊಳ್ಳುವಾಗ ಪುಸ್ತಕ ಹರಿದುಹೋಗುತ್ತದೆಂಬ ಲೆಕ್ಕವನ್ನೂ ಹಿಡಿಯಬೇಕು. ಹರಿಯದ ಪುಸ್ತಕ ಮಗುವಿನ ಕೈಗೆ ಸಿಗದ ಪುಸ್ತಕವೇ. ಪ್ರತಿ ಶನಿವಾರ ಮುಕ್ಕಾಲು ಗಂಟೆ ಕಥೆ ಹೇಳಲು ನಮ್ಮಲ್ಲಿನ ನಿವೃತ್ತ ಶಿಕ್ಷಕರು, ಅಜ್ಜಿಯರು ಮುಂದೆ ಬಂದಿದ್ದಾರೆ.

4. ತಿಂಗಳಿಗೊಂದು ಪುಟ್ಟ ನಾಟಕ. 1949ರಿಂದ ರಂಗಕಾರ್ಯದಲ್ಲಿ ತೊಡಗಿರುವ ನೀನಾಸಮ್ ಪಕ್ಕದ ಹೆಗ್ಗೋಡಿನಲ್ಲಿದೆ. ಮಕ್ಕಳಿಗಾಗಿ ನಾಟಕವಾಡುವ ಕಿನ್ನರಮೇಳ ನಮ್ಮದೇ ತಾಲ್ಲೂಕಿನ ತುಮರಿಯಲ್ಲಿದೆ. ಶರಾವತಿ ಹಿನ್ನೀರಿಗೆ 2.44 ಕಿ.ಮೀ. ಉದ್ದದ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ತುಮರಿಯಿಂದ ರಂಗಸಾಮಗ್ರಿ ಹೊತ್ತು ಬರುವವರು ಲಾಂಚಿಗೆ ಕಾಯಬೇಕಿಲ್ಲ. ಇಂಥ ತಂಡಗಳನ್ನು ಕರೆಸಿ ತಿಂಗಳಿಗೊಂದು ಪ್ರದರ್ಶನ ಏರ್ಪಡಿಸಬೇಕು. ಅದು ಅರ್ಧ ಗಂಟೆ ಮೀರಬಾರದು, ಸಂಜೆ ಐದಕ್ಕೇ ಶುರುವಾಗಬೇಕು, ಧ್ವನಿವರ್ಧಕದ ಅಬ್ಬರವಿರಬಾರದು. ಮಗು ನಡುವೆ ಎದ್ದು ಓಡಾಡಿದರೆ ಯಾರೂ ಗದರಬಾರದು. ಕಲಾವಿದರಿಗೆ ಹಾರ-ಶಾಲಿನೊಂದಿಗೆ ಸರಿಯಾದ ಸಂಭಾವನೆಯೂ ಸಲ್ಲಬೇಕು.

5. ಹಸೆ ಚಿತ್ತಾರದ ಗೋಡೆ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ತಾರ ಈ ಸೀಮೆಯ ಹೆಮ್ಮೆ. ಉದ್ಯಾನದ ಕಾಂಪೌಂಡಿನಲ್ಲಿ ಮಗುವಿನ ಎತ್ತರದ ಗೋಡೆಯೊಂದಕ್ಕೆ ಕೆಮ್ಮಣ್ಣು ಬಳಿದು, ಚಿತ್ತಾರ ಬಲ್ಲ ಮಹಿಳೆಯರಿಗೆ ಗೌರವಧನ ಕೊಟ್ಟು ಎರಡು ತಿಂಗಳಿಗೊಮ್ಮೆ ಕೂರಿಸಬೇಕು. ಮಕ್ಕಳಿಗೆ ಅಕ್ಕಿಹಿಟ್ಟಿನ ಬಿಳಿಯೊಂದೇ ಸಾಕು. ಮಳೆಗೆ ತೊಳೆದುಹೋದರೆ ಮತ್ತೆ ಬರೆಯಬಹುದು.

6. ಕೆಳದಿ, ಇಕ್ಕೇರಿಗೆ ಕುಟುಂಬದ ಬಸ್ಸು. ತಿಂಗಳ ಒಂದು ಭಾನುವಾರ ಕೆ.ಎಸ್.ಆರ್.ಟಿ.ಸಿ. ಜೊತೆಗೂಡಿ ಈ ಎರಡೂ ಊರಿಗೆ ಕಡಿಮೆ ದರದಲ್ಲಿ ಬಸ್ಸು ಬಿಡಬೇಕು. ಕೆಳದಿ ದೇವಾಲಯದ ಮೇಲ್ಛಾವಣಿಯ ಗಂಡಭೇರುಂಡವನ್ನು ಹುಡುಕುವುದು ನಾಲ್ಕು ವರ್ಷದವರಿಗೆ ಒಳ್ಳೆಯ ಆಟ. ಇಸವಿಗಳನ್ನು ಆಮೇಲೆ ಶಾಲೆ ಕಲಿಸುತ್ತದೆ.

7. ಕೆರೆ ಮತ್ತು ಜಾತ್ರೆ. ಕೆಳದಿಯ ಅರಸ ಸದಾಶಿವ ನಾಯಕನ ಕಾಲದ ಗಣಪತಿ ಕೆರೆಯ ಸುತ್ತ ತಳ್ಳುಗಾಡಿ ಮತ್ತು ಗಾಲಿಕುರ್ಚಿ ಸಾಗುವಂಥ ದಾರಿ, ನೀರಿನಂಚಿನಲ್ಲಿ ಅಗತ್ಯವಿರುವಲ್ಲಿ ತಡೆಬೇಲಿ ಬೇಕು. ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಹಾಲೂಡಿಸುವ ಕೋಣೆ, ತಪ್ಪಿಸಿಕೊಂಡ ಮಕ್ಕಳ ಕೇಂದ್ರ, ಫೋನ್ ಸಂಖ್ಯೆ ಬರೆದ ಕೈಪಟ್ಟಿ ವಿತರಣೆ ಇರಬೇಕು. ತೊಟ್ಟಿಲು ಮುಂತಾದ ಯಂತ್ರದ ಆಟಗಳನ್ನು ಪ್ರತಿದಿನ ತಪಾಸಣೆ ಮಾಡಿಸಬೇಕು.

8. ಯಾವ ಮಗುವೂ ಹೊರಗುಳಿಯಬಾರದು. ಬಸ್ಸಿನ ಕಡಿಮೆ ದರವೊಂದನ್ನು ಬಿಟ್ಟು ಮೇಲಿನ ಯಾವುದಕ್ಕೂ ಪ್ರವೇಶ ಶುಲ್ಕವಿರಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಆಶಯದಂತೆ ಎಲ್ಲೆಡೆ ಇಳಿಜಾರು ದಾರಿ ಇರಬೇಕು. ಇದಕ್ಕೆ ವಿಕಲಚೇತನರಿಗೆ ಮೀಸಲಾದ ಶೇ. 5ರ ನಿಧಿಯನ್ನು ಬಳಸಬಹುದು. ಕಟ್ಟಡ ಕೆಲಸದವರ, ಪೌರಕಾರ್ಮಿಕರ ಮಕ್ಕಳಿಗೆ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸುದ್ದಿ ಮುಟ್ಟಿಸಬೇಕು. ಆದರೆ ಆ ಕೆಲಸವನ್ನು ಗೌರವಧನವಿಲ್ಲದೆ ಅವರ ಹೆಗಲಿಗೆ ಹೊರಿಸಬಾರದು.

ಹಣ ಮತ್ತು ಸಿಬ್ಬಂದಿಯ ಪ್ರಶ್ನೆ ಬರುವುದು ಸಹಜ. ಕಥೆ, ಸಮುದಾಯ ಭವನ, ಚಿತ್ತಾರದ ಗೋಡೆಗೆ ಹೊಸ ಕಟ್ಟಡ ಬೇಕಿಲ್ಲ. ಬೀಗದ ಕೈ ಮತ್ತು ಒಬ್ಬ ಹೊಣೆಗಾರರಿದ್ದರೆ ಆಯಿತು. ಹಾಗಾಗಿ ಈ ಮೂರನ್ನೂ ಮೂರು ತಿಂಗಳೊಳಗೆ ಆರಂಭಿಸಬೇಕು. ಉದ್ಯಾನ, ಕೆರೆಯ ಕಾಮಗಾರಿಗಳಿಗೆ ಬರುವ ಆಯವ್ಯಯದಲ್ಲಿ ‘ಪುಟ್ಟ ಮಕ್ಕಳ ಚಟುವಟಿಕೆ’ ಎಂಬ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು ಅನುದಾನ ಇಡಬೇಕು. ಬೇರೆ ಶೀರ್ಷಿಕೆಯಡಿ ಸೇರಿಸಿದರೆ ಆ ಹಣ ಚರಂಡಿ, ದೀಪದ ಕಂಬಗಳ ತುರ್ತಿಗೆ ಹರಿದುಹೋಗುವ ಸಾಧ್ಯತೆ ಹೆಚ್ಚು. ಉಸ್ತುವಾರಿಗೆ ಸದಸ್ಯರೊಬ್ಬರ ಅಧ್ಯಕ್ಷತೆಯಲ್ಲಿ ಅಂಗನವಾಡಿ ಕಾರ್ಯಕರ್ತೆ, ಇಬ್ಬರು ತಾಯಂದಿರು, ಒಬ್ಬ ಹಿರಿಯ ನಾಗರಿಕರು, ವಿಕಲಚೇತನ ಮಗುವಿನ ಪೋಷಕರೊಬ್ಬರನ್ನು ಒಳಗೊಂಡ ಸಮಿತಿ ರಚಿಸಿ, ಮೂರು ತಿಂಗಳಿಗೊಮ್ಮೆ ಸಭೆ ಸೇರಿಸಬೇಕು. ಬಾಗಿಲು ತೆರೆಯುವುದು, ಆಟಿಕೆ ಒರೆಸಿಡುವುದು, ಕಥೆ ಹೇಳುವುದು, ಹಾಜರಿ ಬರೆಯುವುದು ಇಷ್ಟನ್ನು ಸರದಿಯ ಮೇಲೆ ನಿಭಾಯಿಸಲು ಸಹಿ ಮಾಡಿರುವ ಕುಟುಂಬಗಳು ಒಪ್ಪಿವೆ. ಕಟ್ಟಡ, ಸಲಕರಣೆಗಳ ಸುರಕ್ಷತೆಯ ಹೊಣೆ ನಗರಸಭೆಯದೇ ಆಗಿರಬೇಕು.

ಈ ಮನವಿಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ, ಚರ್ಚೆಯ ದಿನ ನಮ್ಮ ಮೂವರು ಪ್ರತಿನಿಧಿಗಳಿಗೆ ಮಾತಾಡಲು ಅವಕಾಶ ಕೊಡಬೇಕೆಂದೂ, 30 ದಿನಗಳೊಳಗೆ ಲಿಖಿತ ಉತ್ತರ ನೀಡಬೇಕೆಂದೂ ಕೋರುತ್ತೇವೆ. ಎಲ್ಲವೂ ಒಟ್ಟಿಗೆ ಆಗದಿದ್ದರೆ ಯಾವುದು ಮೊದಲು, ಯಾವುದು ಯಾವಾಗ ಎಂಬುದನ್ನಾದರೂ ಆ ಉತ್ತರದಲ್ಲಿ ತಿಳಿಸಬೇಕು. ಇಂದು ಮೂರು ವರ್ಷವಿರುವ ಮಗು ಇನ್ನು ಮೂರು ಮಳೆಗಾಲ ಕಳೆದರೆ ಈ ಬೇಡಿಕೆಯ ವಯಸ್ಸನ್ನೇ ದಾಟಿರುತ್ತದೆ ಎಂಬುದನ್ನು ಗಮನದಲ್ಲಿಟ್ಟು ಕ್ರಮ ಕೈಗೊಳ್ಳಬೇಕಾಗಿ ವಿನಂತಿ.



ತಮ್ಮ ವಿಶ್ವಾಸಿಗಳು,
(ಸಹಿ ಮಾಡಿರುವ ನಾಗರಿಕರು)

ಲಗತ್ತು: ಸಹಿಗಳ ಪಟ್ಟಿ, ಸರದಿಗೆ ಒಪ್ಪಿದ ಕುಟುಂಬಗಳ ಪಟ್ಟಿ.

ಪ್ರತಿಗಳು, ಮಾಹಿತಿ ಮತ್ತು ಸೂಕ್ತ ಕ್ರಮಕ್ಕಾಗಿ:
1. ಮಾನ್ಯ ಶಾಸಕರು, ಸಾಗರ ವಿಧಾನಸಭಾ ಕ್ಷೇತ್ರ
2. ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ
3. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಸಾಗರ
4. ಸಾರ್ವಜನಿಕ ಗ್ರಂಥಾಲಯ ಇಲಾಖೆ, ಶಿವಮೊಗ್ಗ