ಹದಿನಾಲ್ಕು ದಿನದ ಕಾಯ್ದೆ, ವರ್ಷವಿಡೀ ಉದ್ರಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಆರ್ಥಿಕತೆಯನ್ನು ಮೇಲೆತ್ತಬೇಕೆಂಬ ಕಾಳಜಿ ಈಗ ಎಲ್ಲರಲ್ಲೂ ಒಮ್ಮೆಲೇ ಉಕ್ಕಿದೆ. ವೇದಿಕೆ ಹತ್ತಿದವರೆಲ್ಲ ಕಿಸೆಯಿಂದ ಒಂದೊಂದು ಗುಳಿಗೆ ತೆಗೆಯುತ್ತಿದ್ದಾರೆ. ಒಬ್ಬರಿಗೆ ಜವಳಿ ಪಾರ್ಕ್ ಬೇಕು, ಇನ್ನೊಬ್ಬರಿಗೆ ಎಥೆನಾಲ್ ಘಟಕ, ಮತ್ತೊಬ್ಬರಿಗೆ ಜಮಖಂಡಿಯೇ ಜಿಲ್ಲೆಯಾಗಬೇಕು. ರೋಗ ಯಾವುದೆಂದು ಕೇಳಿದರೆ ಮಾತ್ರ ಇವರೆಲ್ಲರ ಉತ್ತರ ಒಂದೇ: ಜಾಗತಿಕ ಹಿಂಜರಿತ. ಬನಹಟ್ಟಿಯಲ್ಲಿ ಮಗ್ಗ ನಿಂತರೆ ಅದಕ್ಕೆ ಅಮೆರಿಕದ ಸುಂಕ ಕಾರಣ, ಮುಧೋಳದ ರೈತನ ಕಬ್ಬಿನ ಬಿಲ್ಲು ಬಾರದಿದ್ದರೆ ಅದಕ್ಕೆ ನ್ಯೂಯಾರ್ಕಿನ ಸಕ್ಕರೆ ಪೇಟೆ ಕಾರಣ. ಎಷ್ಟು ಅನುಕೂಲದ ಆರೋಪಿ ನೋಡಿ! ನ್ಯೂಯಾರ್ಕಿನ ಪೇಟೆಗೆ ತಹಶೀಲ್ದಾರರು ನೋಟಿಸು ಕಳಿಸಲಾರರು, ಕಳಿಸಬೇಕಾಗಿಯೂ ಇಲ್ಲ.

2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ತಿರುಪ್ಪೂರಿನ ಸಿದ್ಧ ಉಡುಪಿನವರಿಗೂ ಸೂರತ್ತಿನ ವಜ್ರದವರಿಗೂ ಪೆಟ್ಟು ಬಿದ್ದದ್ದು ನಿಜ. ಆದರೆ ಬನಹಟ್ಟಿಯ ಸೀರೆ ಹಡಗು ಹತ್ತುವ ಸರಕಲ್ಲ. ಅದನ್ನು ಉಡುವವಳು ಅಥಣಿ, ಗೋಕಾಕ, ಇಂಡಿ, ಸೊಲ್ಲಾಪುರದ ಕಡೆಯ ಹೊಲಗೆಲಸದ ಹೆಣ್ಣುಮಗಳು, ಕಬ್ಬು ಕಡಿಯುವ ಗ್ಯಾಂಗಿನ ಜತೆ ಗಂಡನ ಹಿಂದೆ ಬಂದವಳು, ಮಗಳ ಮದುವೆಗೆ ಹತ್ತಾರು ಸೀರೆ ಒಟ್ಟಿಗೆ ತೆಗೆಯುವ ಒಕ್ಕಲುತನದ ಮನೆಯವಳು. ಇವರ ಕೈಗೆ ರೊಕ್ಕ ಬಂದರೆ ಮಗ್ಗ ನಡೆಯುತ್ತದೆ, ಬಾರದಿದ್ದರೆ ನಿಲ್ಲುತ್ತದೆ. ಸಕ್ಕರೆಯ ಕತೆಯೂ ಅಷ್ಟೇ. 2025ರ ನವೆಂಬರಿನಲ್ಲಿ ಜಗತ್ತಿನ ಪೇಟೆಯಲ್ಲಿ ಕಚ್ಚಾ ಸಕ್ಕರೆಯ ದರ ಐದು ವರ್ಷಗಳ ತಳ ಕಂಡಿತು ಎಂದು ಗೋಳಾಡಿದರಲ್ಲ, ಅದೇ ತಿಂಗಳು ಕೇಂದ್ರ ಸರ್ಕಾರ ಹಂಗಾಮಿನ ರಫ್ತಿಗೆ ಬಿಟ್ಟದ್ದು 15 ಲಕ್ಷ ಟನ್. ದೇಶ ತನ್ನ ಚಹಾಕ್ಕೆ, ಪೇಢೆಗೆ, ಬಿಸ್ಕತ್ತಿಗೆ ವರ್ಷಕ್ಕೆ ಬಳಸುವುದು ಸುಮಾರು 280 ಲಕ್ಷ ಟನ್. ಹೊರಗಿನ ಅಗ್ಗದ ಸಕ್ಕರೆ ಒಳಗೆ ಬಾರದಂತೆ ಶೇ 100ರ ಆಮದು ಸುಂಕದ ಗೋಡೆ ಬೇರೆ ಇದೆ. ಇಷ್ಟು ಭದ್ರವಾದ ಕೋಟೆಯೊಳಗೆ ಕೂತು, ಹೊರಗೆ ಮಳೆ ಬಂದದ್ದಕ್ಕೇ ತಮ್ಮ ಧೋತರ ತೊಯ್ದಿತು ಎನ್ನುವವರನ್ನು ನಂಬುವುದು ಹೇಗೆ?

ಈ ಸೀಮೆಯ ಹಿಂಜರಿತಕ್ಕೆ ಸ್ಥಳೀಯ ಹೆಸರೊಂದಿದೆ. ಅದು ಉದ್ರಿ. ರೈತ ಗೊಬ್ಬರದಂಗಡಿಗೆ ಉದ್ರಿ ಹೇಳುತ್ತಾನೆ, ಗೊಬ್ಬರದಂಗಡಿಯವನು ಸೊಸೈಟಿಗೆ ಹೇಳುತ್ತಾನೆ, ಕಿರಾಣಿಯವನು ಪೇಟೆಗೆ, ಸೀರೆಯಂಗಡಿಯವನು ಮಗ್ಗದ ಮಾಲೀಕನಿಗೆ, ಮಾಲೀಕ ನೂಲಿನ ವ್ಯಾಪಾರಿಗೆ. ಸರಪಳಿಯ ತುದಿಯಲ್ಲಿ ನಿಂತ ಕೂಲಿ ನೇಕಾರನಿಗೆ ಉದ್ರಿ ಹೇಳಲು ಯಾರೂ ಉಳಿದಿಲ್ಲವಾದ್ದರಿಂದ ಅವನು ಮಗ್ಗ ನಿಲ್ಲಿಸುತ್ತಾನೆ. ಈ ಸರಪಳಿಯ ಮೊದಲ ಕೊಂಡಿ ಎಲ್ಲಿದೆ ಎಂದು ಹುಡುಕಲು ಅರ್ಥಶಾಸ್ತ್ರಜ್ಞರ ಸಮಿತಿ ಬೇಡ. ಅದು ಕಾರ್ಖಾನೆಯ ತೂಕದ ಕಟ್ಟೆಯ ಮೇಲಿದೆ. 1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಸೇರಿದ 14 ದಿನದೊಳಗೆ ರೈತನಿಗೆ ಹಣ ಸಂದಾಯವಾಗಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಕಾಯ್ದೆಗೆ ಅರವತ್ತು ವರ್ಷವಾಗುತ್ತ ಬಂತು. ನವೆಂಬರಿನಲ್ಲಿ ಕಳಿಸಿದ ಕಬ್ಬಿಗೆ ಫೆಬ್ರುವರಿಯಲ್ಲೋ ಯುಗಾದಿಗೋ ಕಂತಿನಲ್ಲಿ ರೊಕ್ಕ ಪಡೆದು, ಬಡ್ಡಿಯ ಮಾತೆತ್ತಿದರೆ ಮುಂದಿನ ವರ್ಷ ಕಬ್ಬು ಕಡಿಯಲು ಗ್ಯಾಂಗ್ ಬರುವುದಿಲ್ಲವೆಂಬ ಹೆದರಿಕೆಯಲ್ಲಿ ಸುಮ್ಮನಾಗುವುದು ಇಲ್ಲಿಯ ರೈತನಿಗೆ ರೂಢಿಯಾಗಿಬಿಟ್ಟಿದೆ.

ಲೆಕ್ಕ ಸರಳ. ನೂರು ಟನ್ ಕಬ್ಬು ಕಳಿಸಿದವನಿಗೆ ಟನ್ನಿಗೆ 3,300 ರೂಪಾಯಿಯಂತೆ 3 ಲಕ್ಷ 30 ಸಾವಿರ ಬರಬೇಕು. ಗಡುವು ಮುಗಿದ ಮೇಲೆ ಅದು ಮೂರು ತಿಂಗಳು ನಿಂತರೆ ಶೇ 15ರಂತೆ ಬಡ್ಡಿಯೇ 12,375 ರೂಪಾಯಿ. ರೈತನಿಗೆ ಈ ಬಡ್ಡಿ ಬರುವುದು ಹಾಗಿರಲಿ, ಅದೇ ಮೂರು ತಿಂಗಳು ಸಂಸಾರ ತೂಗಿಸಲು ಅವನು ಸಾವಕಾರನಿಗೆ ನೂರಕ್ಕೆ ಎರಡು, ಮೂರು ರೂಪಾಯಿಯಂತೆ ತಿಂಗಳ ಬಡ್ಡಿ ಕಟ್ಟುತ್ತಾನೆ. ಅಂದರೆ ಬ್ಯಾಂಕಿನಲ್ಲಿ ಸಾಲ ಪಡೆಯುವ ಯೋಗ್ಯತೆಯಿರುವ ಕಾರ್ಖಾನೆಗೆ, ಬ್ಯಾಂಕಿನ ಬಾಗಿಲಲ್ಲಿ ಕಾಯುವ ರೈತ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ. ಹಿಂಜರಿತದ ಕಾಲದಲ್ಲಿ ಸರ್ಕಾರಗಳು ಜನರ ಕೈಗೆ ಹಣ ಬರುವಂತೆ ಮಾಡಬೇಕೆಂದು ಜಗತ್ತಿನ ಪಂಡಿತರೆಲ್ಲ ಹೇಳುತ್ತಾರೆ. ಇಲ್ಲಿ ಸರ್ಕಾರ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಈಗಾಗಲೇ ದುಡಿದ ರೊಕ್ಕ ದುಡಿದವನ ಕೈಗೆ ಹದಿನಾಲ್ಕು ದಿನದಲ್ಲಿ ಸೇರುವಂತೆ ನೋಡಿಕೊಂಡರೆ ಸಾಕು. ಒಂದೇ ಹಂಗಾಮಿನಲ್ಲಿ ಆ ರೊಕ್ಕ ಮುಧೋಳದ ಕಿರಾಣಿಯಿಂದ ಮಹಾಲಿಂಗಪುರದ ಪೇಟೆಗೆ, ಅಲ್ಲಿಂದ ರಬಕವಿಯ ಮಗ್ಗಕ್ಕೆ, ಮಗ್ಗದಿಂದ ಮತ್ತೆ ಸಂತೆಗೆ ನಾಲ್ಕಾರು ಸುತ್ತು ತಿರುಗುತ್ತದೆ. ಕಾರ್ಖಾನೆಯ ಖಾತೆಯಲ್ಲಿ ಕೂತರೆ ಅದು ಒಂದೇ ಕೆಲಸ ಮಾಡುತ್ತದೆ: ಮಾಲೀಕರ ಬಡ್ಡಿ ಉಳಿಸುತ್ತದೆ.

ಇದಕ್ಕೆ ಕಾರ್ಖಾನೆಯವರ ಬಳಿ ಸಿದ್ಧ ಉತ್ತರವಿದೆ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಆದದ್ದು 2025ರ ಹಂಗಾಮು ಶುರುವಾದಾಗಲೂ ಅಷ್ಟೇ ಇತ್ತು. ಅದೇ ಅವಧಿಯಲ್ಲಿ ಕಬ್ಬಿಗೆ ಕೇಂದ್ರ ನಿಗದಿ ಮಾಡುವ ಬೆಲೆ, ಅಂದರೆ ಎಫ್‌ಆರ್‌ಪಿ, ಕ್ವಿಂಟಲಿಗೆ 275ರಿಂದ 355ಕ್ಕೆ ಏರಿತು. ಹೀಗಾದರೆ ಕೊಡುವುದು ಎಲ್ಲಿಂದ ಎಂಬುದು ಅವರ ಪ್ರಶ್ನೆ. ಕನಿಷ್ಠ ದರ ಏರಲಿ, ಬೇಡವೆಂದವರಾರು? ಆದರೆ ಕನಿಷ್ಠವೆಂದರೆ ಅದಕ್ಕಿಂತ ಕೆಳಗೆ ಮಾರಬಾರದೆಂಬ ಗೆರೆಯೇ ಹೊರತು ಅದೇ ದರಕ್ಕೆ ಮಾರಬೇಕೆಂಬ ಆಜ್ಞೆಯಲ್ಲ. ಬನಹಟ್ಟಿಯ ಯಾವ ಕಿರಾಣಿ ಅಂಗಡಿಯಲ್ಲಿ 31 ರೂಪಾಯಿಗೆ ಕಿಲೋ ಸಕ್ಕರೆ ಸಿಗುತ್ತದೆ ಎಂದು ತೋರಿಸಿದರೆ ಊರೆಲ್ಲ ಚೀಲ ಹಿಡಿದು ಅಲ್ಲಿಗೇ ಹೋದೀತು. ಮೇಲಾಗಿ ಕಾರ್ಖಾನೆಯೊಳಗೆ ಹೋದ ಕಬ್ಬು ಬರೀ ಸಕ್ಕರೆಯಾಗುವುದಿಲ್ಲ. ಸಿಪ್ಪೆ ಉರಿದು ವಿದ್ಯುತ್ತಾಗುತ್ತದೆ, ಕಾಕಂಬಿ ಮದ್ಯಸಾರವೋ ಎಥೆನಾಲೋ ಆಗುತ್ತದೆ, ಉಳಿದ ಮಡ್ಡಿ ಗೊಬ್ಬರವಾಗುತ್ತದೆ. ಲಾಭದ ಪುಟದಲ್ಲಿ ಇವೆಲ್ಲ ಇರುತ್ತವೆ, ಬಾಕಿಯ ಮಾತು ಬಂದಾಗ ಮಾತ್ರ ಕಾರ್ಖಾನೆ ಇದ್ದಕ್ಕಿದ್ದಂತೆ ಪಾಪದ ಸಕ್ಕರೆ ಗಿರಣಿಯಾಗಿಬಿಡುತ್ತದೆ.

ಎಥೆನಾಲ್ ಎಂಬ ಗುಳಿಗೆಯ ಮಾತನ್ನೂ ಇಲ್ಲೇ ಮುಗಿಸೋಣ. 2023ರ ಡಿಸೆಂಬರಿನಲ್ಲಿ, ಹಂಗಾಮು ಅರ್ಧದಲ್ಲಿರುವಾಗ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಎಂದು ಕೇಂದ್ರ ಒಂದೇ ಆದೇಶದಲ್ಲಿ ಹೇಳಿತು. ಅದರ ಮುಂದಿನ ವರ್ಷಗಳಲ್ಲಿ ತೈಲ ಕಂಪನಿಗಳ ಖರೀದಿಯ ಸಿಂಹಪಾಲು ಗೋವಿನಜೋಳ, ಅಕ್ಕಿಯ ಎಥೆನಾಲಿಗೆ ಹೋಯಿತು. ರಾಜ್ಯದ ಎಥೆನಾಲ್ ಸಾಮರ್ಥ್ಯಕ್ಕೆ ತಕ್ಕ ಪಾಲು ಸಿಗಲಿಲ್ಲವೆಂದು ಮುಖ್ಯಮಂತ್ರಿಗಳೇ 2025ರ ನವೆಂಬರಿನಲ್ಲಿ ಪ್ರಧಾನಿಗೆ ದೂರಿದರು. ಆ ದೂರು ಸರಿಯೇ. ಆದರೆ ದಿಲ್ಲಿಯ ಒಂದು ಸುತ್ತೋಲೆಗೆ ಅಲುಗಾಡುವ ಉದ್ಯಮದ ಮೇಲೆ ನಾಲ್ಕು ತಾಲ್ಲೂಕುಗಳ ಉದ್ಧಾರದ ಗುಡಿ ಕಟ್ಟಿ ಎನ್ನುವವರು, ಎಥೆನಾಲ್ ಚೆನ್ನಾಗಿ ಮಾರಾಟವಾದ ವರ್ಷಗಳಲ್ಲಿ ರೈತನ ಬಿಲ್ಲು ಹದಿನಾಲ್ಕು ದಿನಕ್ಕೆ ಬಂದಿತ್ತೇ ಎಂಬುದನ್ನೂ ಹೇಳಬೇಕು.

ಈ ಸೀಮೆಯ ಜನರಿಗೆ ಉದ್ಯಮಶೀಲತೆ ಕಲಿಸಬೇಕು, ಕೌಶಲ ತರಬೇತಿ ಕೊಡಬೇಕು ಎಂಬ ಉಪದೇಶವಂತೂ ನಗೆ ತರಿಸುತ್ತದೆ. 1989ರಲ್ಲಿ ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ತಾವೇ ದುಡಿದು ಹೊಳೆಗೆ ಅಡ್ಡವಾಗಿ ಬ್ಯಾರೇಜ್ ಕಟ್ಟಿದರು. ಸರ್ಕಾರದ ಮಂಜೂರಾತಿಗೆ ಕಾಯುತ್ತ ಕೂತಿದ್ದರೆ ಇಂದಿಗೂ ಅದು ಕಡತದಲ್ಲೇ ಇರುತ್ತಿತ್ತು. ಎರಡೇ ವರ್ಷದಲ್ಲಿ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆಯ ಮತದಾರರು ರಾಮಕೃಷ್ಣ ಹೆಗಡೆಯಂಥ ಹೆಗಡೆಯವರನ್ನು ಸೋಲಿಸಿ ‘ಬ್ಯಾರೇಜ್ ಸಿದ್ದು’ವನ್ನು ದಿಲ್ಲಿಗೆ ಕಳಿಸಿದರು. ನೀರು ನಿಂತಿತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆಗಳ ಸಾಲು ಬಂತು. ರೈತರು ತಮ್ಮ ರೊಕ್ಕದಿಂದ ತಂದ ನೀರಲ್ಲಿ ಬೆಳೆದ ಕಬ್ಬಿನ ಮೇಲೆ ನಿಂತ ಚಿಮಣಿಗಳವು. ಈಗ ಅದೇ ರೈತ ತನ್ನ ಬಿಲ್ಲಿಗಾಗಿ ಅದೇ ಚಿಮಣಿಯ ಗೇಟಿನಲ್ಲಿ ನಿಲ್ಲಬೇಕು. ಖಾಸಗಿಯವರೇ ಯಾಕೆ, ಕವಿ ರನ್ನನ ಹೆಸರು ಹೊತ್ತ ಮುಧೋಳ ತಾಲ್ಲೂಕಿನ ರನ್ನನಗರದ ರೈತರ ಸಹಕಾರಿ ಕಾರ್ಖಾನೆ ಹಂಗಾಮುಗಟ್ಟಲೆ ಬಾಗಿಲು ಹಾಕಿ ಕೂತದ್ದನ್ನೂ ಈ ಜನ ನೋಡಿದ್ದಾರೆ. ಒಂದು ಕಾಲಕ್ಕೆ ಹೊಳೆಯನ್ನೇ ಹಿಡಿದು ನಿಲ್ಲಿಸಿದವರಿಗೆ ಈಗ ಕೌಶಲದ ಕೊರತೆಯಂತೆ!

ಉಳಿದ ಗುಳಿಗೆಗಳಿಗೆ ಹೆಚ್ಚು ಹೊತ್ತು ಬೇಡ. ಜಮಖಂಡಿ ಜಿಲ್ಲೆಯಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರು 1997ರಲ್ಲಿ ವಿಜಾಪುರದಿಂದ ಬಾಗಲಕೋಟೆ ಬೇರೆಯಾದಾಗಲೂ ಇದೇ ಮಾತನ್ನು ಹೇಳಿದ್ದರು. ರಬಕವಿ-ಬನಹಟ್ಟಿ ತಾಲ್ಲೂಕಾಯಿತು, ತಾಲ್ಲೂಕಿನ ಬೋರ್ಡು ಬಂದದ್ದಕ್ಕೆ ಯಾವ ಮಗ್ಗವೂ ಒಂದು ಮಾರು ಹೆಚ್ಚು ನೇಯಲಿಲ್ಲ. ಆಲಮಟ್ಟಿ ಅಣೆಕಟ್ಟಿನ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಿದಾಗ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ಎಂದು 2025ರ ಸೆಪ್ಟೆಂಬರಿನಲ್ಲಿ ಸಂಪುಟ ತೀರ್ಮಾನಿಸಿದ ಮೇಲೆ, ಬೀಳಗಿ ಕಡೆ ಹಣದ ಹೊಳೆ ಹರಿಯುತ್ತದೆಂದು ಲೆಕ್ಕ ಹಾಕುವವರೂ ಇದ್ದಾರೆ. ಹೊಲ ಕಳಕೊಂಡವನ ಪರಿಹಾರವನ್ನು ಆರ್ಥಿಕ ಪುನಶ್ಚೇತನ ಎನ್ನುವುದು, ಹಲ್ಲು ಕಿತ್ತಿಸಿಕೊಂಡವನಿಗೆ ಬಾಯಿ ಹಗುರಾಯಿತಲ್ಲ ಎಂದು ಶುಭಾಶಯ ಹೇಳಿದ ಹಾಗೆ. ಬಾಗಲಕೋಟೆ-ಕುಡಚಿ ರೈಲು ಮಾರ್ಗ ಒಂದು ಮಾತ್ರ ನಿಜಕ್ಕೂ ಬೇಕಾದದ್ದು. 2010-11ರಲ್ಲಿ ಮಂಜೂರಾದ ಸುಮಾರು 142 ಕಿಲೋಮೀಟರಿನ ಆ ಹಳಿ ಹದಿನೈದು ವರ್ಷ ಕಳೆದರೂ ಕುಡಚಿ ಮುಟ್ಟಿಲ್ಲ ಎಂಬುದೇ ಇಂಥ ಯೋಜನೆಗಳನ್ನು ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ.

ನೇಕಾರರು ಕಬ್ಬು ಬೆಳೆಯುವುದಿಲ್ಲವಲ್ಲ, ಅವರಿಗೇನು ಮಾಡುತ್ತೀರಿ ಎಂಬ ಆಕ್ಷೇಪ ಬಂದೀತು. ಅಮೆರಿಕಕ್ಕೆ ಹೋಗದ ಸರಕನ್ನು ದೊಡ್ಡ ಜವಳಿ ಕೇಂದ್ರಗಳು ನಮ್ಮ ಸಂತೆಗಳಲ್ಲೇ ಅಗ್ಗಕ್ಕೆ ಸುರಿದಾವು ಎಂಬ ಭಯವೂ ಸುಳ್ಳಲ್ಲ. ಆದರೆ ಇವರಿಗೆ ಇದುವರೆಗೆ ಸಿಕ್ಕ ಔಷಧಿ ಏನೆಂದು ನೋಡಿ. 2020ರ ಲಾಕ್‌ಡೌನಿನಲ್ಲಿ ನೇಯ್ದ ಸೀರೆ ಗೋದಾಮಿನಲ್ಲಿ ಕೊಳೆಯುವಾಗ ಬಂದದ್ದು ನೇಕಾರ ಸಮ್ಮಾನ್ ಹೆಸರಿನ 2,000 ರೂಪಾಯಿ. ಆಮೇಲೆ ಅದು 5,000ಕ್ಕೆ ಏರಿತು. ವರ್ಷಕ್ಕೆ 5,000 ಎಂದರೆ ದಿನಕ್ಕೆ ಹದಿನಾಲ್ಕು ರೂಪಾಯಿಯೂ ಅಲ್ಲ, ಒಂದು ಚಹಾದ ಸಮ್ಮಾನ. ಅದರ ಬದಲು ಸರ್ಕಾರ ತಾನೇ ಗಿರಾಕಿಯಾಗಲಿ. ವಿದ್ಯಾವಿಕಾಸ ಯೋಜನೆಯ ಶಾಲಾ ಸಮವಸ್ತ್ರ, ಹಾಸ್ಟೆಲ್ಲಿನ ಹಾಸಿಗೆ ಹೊದಿಕೆ, ಆಸ್ಪತ್ರೆಯ ಚಾದರ ಇವೆಲ್ಲವನ್ನೂ ರಾಜ್ಯದ ಮಗ್ಗಗಳಲ್ಲೇ ನೇಯಿಸಲಿ ಎಂಬುದು ಇಲ್ಲಿಯ ನೇಕಾರರ ಹಳೆಯ ಕೂಗು. ಆ ಬಿಲ್ಲಿಗೂ ಅದೇ ಹದಿನಾಲ್ಕು ದಿನದ ಗಡುವು ಇರಲಿ. ಹೊರಗಿನ ಬಟ್ಟೆ ಅಗ್ಗ, ತೆರಿಗೆ ಹಣ ಉಳಿಯುತ್ತದೆ ಎಂಬ ಟೆಂಡರ್ ಪಂಡಿತರ ಲೆಕ್ಕದಲ್ಲಿ, ಖಾಲಿ ಕೂತ ನೇಕಾರನಿಗೆ ಆಮೇಲೆ ಕೊಡಬೇಕಾದ ಸಮ್ಮಾನದ ಖರ್ಚು ಇರುವುದಿಲ್ಲ.

ಇಷ್ಟು ಸರಳ ಮಾತು ಯಾಕೆ ಯಾರ ಬಾಯಲ್ಲೂ ಬರುವುದಿಲ್ಲ? ಸಕ್ಕರೆ ಕಾರ್ಖಾನೆಯ ಒಡೆತನವೂ ವಿಧಾನಸಭೆಯ ಕುರ್ಚಿಯೂ ಉತ್ತರ ಕರ್ನಾಟಕದಲ್ಲಿ ಎಷ್ಟೋ ಕಡೆ ಒಂದೇ ಮನೆಯಲ್ಲಿವೆ, ಪಕ್ಷ ಯಾವುದಾದರೇನು. ಬಾಕಿ ಇಟ್ಟುಕೊಂಡವರೇ ಬಾಕಿ ವಸೂಲಿಯ ಸಭೆಗೆ ಅಧ್ಯಕ್ಷರಾದರೆ ನಡಾವಳಿಯಲ್ಲಿ ಎಥೆನಾಲ್, ಜವಳಿ ಪಾರ್ಕ್, ಹೊಸ ಜಿಲ್ಲೆ ಇವೇ ಇರುತ್ತವೆ. ಪ್ರತಿ ವರ್ಷ ಚಳಿಗಾಲದಲ್ಲಿ ಬೆಳಗಾವಿಯ ಸುವರ್ಣಸೌಧಕ್ಕೆ ಸರ್ಕಾರ ದಂಡೆತ್ತಿ ಬರುತ್ತದೆ, ಉತ್ತರ ಕರ್ನಾಟಕದ ಬಗ್ಗೆ ಎರಡು ದಿನ ಕಣ್ಣೀರು ಸುರಿಸುತ್ತದೆ, ಕುಂದಾ ಕಟ್ಟಿಸಿಕೊಂಡು ಹಿಂದಿರುಗುತ್ತದೆ. 2013ರ ನವೆಂಬರಿನಲ್ಲಿ ಆ ಸೌಧದ ಎದುರೇ ಕಬ್ಬು ಬೆಳೆಗಾರರೊಬ್ಬರು ವಿಷ ಕುಡಿದು ಸತ್ತರು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕೂತ ಮೇಲೆ ಸರ್ಕಾರ 3,300 ಎಂದಿತು. ಮುಧೋಳದವರು ಒಪ್ಪಲಿಲ್ಲ. 13ನೇ ತಾರೀಕು ಸಮೀರವಾಡಿಯ ಕಾರ್ಖಾನೆಯಲ್ಲಿ ಕಬ್ಬು ತುಂಬಿದ ಟ್ರೇಲರ್‌ಗಳು ಹೊತ್ತಿ ಉರಿದವು. ಬೆಂಕಿ ಹಚ್ಚಿದವರು ಯಾರೆಂಬ ಚರ್ಚೆ ವಾರಗಟ್ಟಲೆ ನಡೆಯಿತು. ಬೆಲೆ ಎಷ್ಟು ಎಂಬ ಚೌಕಾಶಿಯೂ ಅದರ ಜತೆಗೇ ನಡೆಯಿತು. ಗೆದ್ದ ಬೆಲೆ ಕೈಗೆ ಬರುವುದು ಯಾವ ತಾರೀಕಿಗೆ ಎಂಬುದು ಮಾತ್ರ ಮತ್ತೆ ಗದ್ದಲದಲ್ಲಿ ಕಳೆದುಹೋಯಿತು.

ಹೊಸ ಕಾಯ್ದೆ ಬೇಕಿಲ್ಲ. ಹದಿನಾಲ್ಕು ದಿನ ಮೀರಿದ ಬಾಕಿಯನ್ನು ಬಡ್ಡಿ ಸಮೇತ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದೆಂದು ಅದೇ 1966ರ ಆದೇಶದಲ್ಲಿದೆ. ಗೋದಾಮಿನ ಸಕ್ಕರೆಗೆ ಬೀಗ ಹಾಕಬಹುದು, ಹರಾಜು ಕೂಗಬಹುದು. ಜಮಖಂಡಿ ಜಿಲ್ಲೆಯಾಗುವವರೆಗೆ ಕಾಯುವ ಅಗತ್ಯವೂ ಇಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ತಹಶೀಲ್ದಾರರು ಈಗಲೂ ಇದ್ದಾರೆ, ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾಧಿಕಾರಿಯೂ ಇದ್ದಾರೆ. ಪ್ರತಿ ಕಾರ್ಖಾನೆಯ ಗೇಟಿನಲ್ಲಿ ಒಂದು ಹಲಗೆ ನಿಲ್ಲಿಸಿ, ಯಾವ ತಾರೀಕಿನವರೆಗಿನ ಕಬ್ಬಿಗೆ ಹಣ ಸಂದಿದೆ ಎಂದು ವಾರಕ್ಕೊಮ್ಮೆ ಸುಣ್ಣದಲ್ಲಿ ಬರೆಸುವುದಕ್ಕೆ ಎಷ್ಟು ಖರ್ಚಾದೀತು? ರಬಕವಿಯ ನೇಕಾರ ಮಗ್ಗದ ಕರೆಂಟು ಬಿಲ್ಲು ಬಾಕಿ ಇಟ್ಟಾಗ ಜಾಗತಿಕ ಹಿಂಜರಿತದ ನೆಪ ಹೇಳಿ ನೋಡಲಿ. ಲೈನ್‌ಮನ್ ಏಣಿ ಹಚ್ಚಿ ಫ್ಯೂಸ್ ಕಿತ್ತುಕೊಂಡೇ ಹೋಗುತ್ತಾನೆ.