ಚಿತ್ರದ ಮನೆ, ಮನೆಯ ಊರು

ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ನೋವಾ ಸ್ಕೋಶಿಯ ಪ್ರಾಂತ್ಯದ ಕಲಾಸಂಗ್ರಹಾಲಯವಿದೆ. ಅಲ್ಲಿ 1998ರಲ್ಲಿ ಒಂದು ಇಡೀ ಮನೆಯನ್ನೇ ಪ್ರದರ್ಶನಕ್ಕೆ ಇಟ್ಟರು. ಅದು ಅರಮನೆಯಲ್ಲ, ಉದ್ದ ಅಗಲಗಳೆರಡೂ 14 ಅಡಿಯನ್ನು ಮೀರದ ಮರದ ಮನೆ. ಇರುವುದು ಒಂದೇ ಕೋಣೆ, ಮೇಲೆ ಮಲಗಲು ಅಟ್ಟ. ವಿದ್ಯುದ್ದೀಪವಾಗಲಿ ನಲ್ಲಿಯ ನೀರಾಗಲಿ ಅದಕ್ಕಿರಲಿಲ್ಲ. ಡಿಗ್ಬಿ ಪಟ್ಟಣದ ಬಳಿ, ಮಾರ್ಷಲ್‌ಟೌನ್ ಎಂಬ ಹಳ್ಳಿಯ ಹೆದ್ದಾರಿಯ ಮಗ್ಗುಲಲ್ಲಿದ್ದ ಈ ಮನೆಗೆ ಮಾಡ್ ಲೂಯಿಸ್ ಎಂಬಾಕೆ 1938ರಲ್ಲಿ, ಮೀನು ಮಾರುತ್ತಿದ್ದ ಎವರೆಟ್ ಲೂಯಿಸನ ಕೈಹಿಡಿದು ಬಂದರು.

ಬಾಲ್ಯದಲ್ಲೇ ತಗುಲಿದ ಸಂಧಿವಾತದಿಂದ ಆಕೆಯ ಬೆರಳುಗಳು ಸೊಟ್ಟಗಾಗಿದ್ದವು. ಕಲಾಶಾಲೆಯ ಮೆಟ್ಟಿಲನ್ನು ಆಕೆ ಹತ್ತಿದವರಲ್ಲ. ಕ್ರಿಸ್ಮಸ್ ಹಬ್ಬದ ಕಾರ್ಡುಗಳಿಗೆ ಬಣ್ಣ ಹಾಕಲು ತಾಯಿ ಕಲಿಸಿದ್ದೇ ವಿದ್ಯೆ. ಅಷ್ಟನ್ನೇ ಬಂಡವಾಳವಾಗಿಟ್ಟುಕೊಂಡು, ಸಿಕ್ಕಿದ ಬಣ್ಣದಿಂದ ಬಾಗಿಲು, ಗೋಡೆ, ಮೆಟ್ಟಿಲು, ಒಲೆ, ರೊಟ್ಟಿಯ ಡಬ್ಬಿಗಳ ಮೇಲೆಲ್ಲ ಹೂ, ಹಕ್ಕಿ, ಚಿಟ್ಟೆಗಳನ್ನು ಬರೆದರು. ಕಿಟಕಿಯ ಗಾಜಿನ ಮೇಲೂ ಟ್ಯುಲಿಪ್ ಹೂಗಳು ಅರಳಿದವು.

ಹಲಗೆಗಳ ಮೇಲೆ ಬರೆದ ಚಿತ್ರಗಳನ್ನು ಆಕೆ ಎರಡು ಮೂರು ಡಾಲರಿಗೆ ದಾರಿಹೋಕರಿಗೆ ಮಾರುತ್ತಿದ್ದುದುಂಟು. ಜೋಡಿ ಎತ್ತುಗಳು, ಕಪ್ಪು ಬೆಕ್ಕುಗಳು ಜನಕ್ಕೆ ಮೆಚ್ಚಿಕೆಯಾದುದರಿಂದ ಅವನ್ನು ಮತ್ತೆಮತ್ತೆ ಬರೆದರು. ಅಲ್ಲಿ ಕೊಳ್ಳುವವನ ಇಷ್ಟಕ್ಕೂ ಒಂದು ಪಾಲು ಸಲ್ಲುತ್ತದೆ. ಒಲೆಯ ಮೇಲಿನ ಹೂವಿಗೆ ಕೊಳ್ಳುವವನಾರು? ಮಂಜು ಮುಸುಕಿದ ದೀರ್ಘ ಚಳಿಗಾಲದಲ್ಲಿ ತನ್ನ ಕಣ್ಣಿಗೆ ಬೇಕಾದ ವಸಂತವನ್ನು ಆಕೆ ತಾನೇ ಮಾಡಿಕೊಂಡರು. ಆದುದರಿಂದಲೇ ಆಕೆಯ ಕೃತಿಗಳಲ್ಲಿ ಈ ಮನೆಯೇ ಶ್ರೇಷ್ಠವೆಂದು ನಾನು ಎಣಿಸುತ್ತೇನೆ.

1965ರಲ್ಲಿ ಕೆನಡಾದ ದೂರದರ್ಶನ ಆಕೆಯನ್ನು ನಾಡಿಗೆ ಪರಿಚಯಿಸಿತು. 1970ರಲ್ಲಿ ಆಕೆ ತೀರಿಕೊಂಡರು. 1979ರಲ್ಲಿ ಕಳವಿಗೆಂದು ನುಗ್ಗಿದವನ ಕೈಯಲ್ಲಿ ಎವರೆಟ್ ಸತ್ತ. ಒಡೆಯರಿಲ್ಲದ ಮನೆ ಶಿಥಿಲವಾಗತೊಡಗಿತು. ಆಗ ಎಚ್ಚತ್ತವರು ಕಲಾವಿಮರ್ಶಕರಲ್ಲ, ಆ ಸೀಮೆಯ ಸಾಮಾನ್ಯ ಜನ. ಅವರು ಸಂಘ ಕಟ್ಟಿ ಹಣ ಕೂಡಿಸಲು ಹೆಣಗಿದರು. ಆ ಭಾರ ತಮ್ಮ ಕೈಮೀರಿದುದರಿಂದ 1984ರಲ್ಲಿ ಮನೆಯನ್ನು ಪ್ರಾಂತ್ಯದ ಸರ್ಕಾರಕ್ಕೆ ಮಾರಿದರು. ಸರ್ಕಾರ ಅದನ್ನು ಕಲಾಸಂಗ್ರಹಾಲಯಕ್ಕೆ ಒಪ್ಪಿಸಿತು. ಹೀಗೆ ಮನೆ ತನ್ನ ಊರಿನಿಂದ ಇನ್ನೂರು ಕಿಲೋಮೀಟರಿಗೂ ದೂರದ ನಗರವನ್ನು ಸೇರಿತು. 2022ರಲ್ಲಿ ಆಕೆಯ ಒಂದು ಚಿತ್ರ ಹರಾಜಿನಲ್ಲಿ ಮೂರೂವರೆ ಲಕ್ಷ ಡಾಲರಿಗೆ ಹೋಯಿತು.

ಮನೆಯನ್ನು ಸಾಗಿಸಿದ್ದು ಸರಿಯೆ? ಕಡಲ ಗಾಳಿಗೂ ಮಳೆಗೂ ಬಿಟ್ಟಿದ್ದರೆ ಇಂದು ಮರದ ಚೂರೂ ಉಳಿಯುತ್ತಿರಲಿಲ್ಲ. ಉಳಿಸಿದವರಿಗೆ ನಮಸ್ಕಾರ ಸಲ್ಲಬೇಕು. ಆದರೆ ಕಿಟಕಿಯ ಗಾಜಿಗೆ ಬರೆದ ಹೂವನ್ನು ನೋಡುವುದೆಂದರೆ ಅದರ ಹಿಂದಿನ ಆಕಾಶವನ್ನೂ ನೋಡುವುದು. ಸಂಗ್ರಹಾಲಯದ ದೀಪ ಆ ಆಕಾಶವನ್ನು ಕೊಡಲಾರದು. ಇತ್ತ ಮಾರ್ಷಲ್‌ಟೌನಿನಲ್ಲಿ ಮನೆಯಿದ್ದ ಜಾಗದಲ್ಲಿ ಅದರ ಆಕಾರದ ಉಕ್ಕಿನ ಚೌಕಟ್ಟೊಂದನ್ನು ನಿಲ್ಲಿಸಿದ್ದಾರೆ. ಒಂದೆಡೆ ಊರಿಲ್ಲದ ಮನೆ, ಇನ್ನೊಂದೆಡೆ ಮನೆಯಿಲ್ಲದ ಊರು.

ಈ ಅಗಲಿಕೆಗೆ ಕಾರಣ ಸಾಗಿಸಿದವರಲ್ಲ, ತಡ. ಚಿತ್ರಕ್ಕೆ ಮೂರು ಡಾಲರು ಕೊಟ್ಟವರಲ್ಲಿ ಮನೆಯ ಮಾಡಿನ ಚಿಂತೆ ಯಾರಿಗೂ ಇರಲಿಲ್ಲ. ಆಕೆ ಬದುಕಿದ್ದಾಗಲೇ ಆ ಮಾಡು ಗೋಡೆಗಳನ್ನು ಭದ್ರಪಡಿಸುವ ವ್ಯವಸ್ಥೆಯಾಗಿದ್ದರೆ, ಮುಂದೆ ಅದಕ್ಕೆ ತಗುಲಿದ ವೆಚ್ಚದ ಅಲ್ಪಾಂಶವೇ ಸಾಕಾಗುತ್ತಿತ್ತು, ಆಕೆಗೂ ಬೆಚ್ಚಗಿರುತ್ತಿತ್ತು. ಕಲಿಯದ ಕೈಯ ಕಲೆಯನ್ನು ಮೊದಲು ಕಾಣುವವರು ನೆರೆಯವರು. ಅವರ ಕಣ್ಣನ್ನು ಸಂಸ್ಥೆಗಳು ನಂಬಬೇಕು. ಕಲಾವಿದನ ಮನೆಬಾಗಿಲಿಗೆ ಅವು ತಾವಾಗಿ ಹೋಗಬೇಕು. ಹಾಗಾದರೆ ಮನೆ ಸಂಸ್ಥೆಯ ಬಾಗಿಲಿಗೆ ಬರಬೇಕಾಗುವುದಿಲ್ಲ.