ಹಿಮ್ಮಡಿಯೋ, ತುದಿಗಾಲೋ?

ವಿಜಯನಗರದಲ್ಲಿ ಈಗ ಬೆಳಿಗ್ಗೆ ಐದೂವರೆಗೆ ಹೊರಗೆ ಬಂದ್ರೆ ಹಾಲು ಹಾಕೋರಷ್ಟೇ ಓಡೋರೂ ಕಾಣ್ತಾರೆ. 2008ರಲ್ಲಿ ಬೆಂಗಳೂರಲ್ಲಿ ವರ್ಲ್ಡ್ ಟೆನ್ ಕೆ ಶುರುವಾದಾಗ ಹತ್ತು ಕಿಲೋಮೀಟರ್ ಓಡ್ತೀನಿ ಅಂದ್ರೆ ಮನೆಯವ್ರು ವಿಚಿತ್ರವಾಗಿ ನೋಡ್ತಿದ್ರು. ಈಗ ಮಾರುತಿ ಮಂದಿರದ ಹತ್ರ ಕಾಫಿ ಕುಡಿಯೋಕೆ ನಿಂತ್ರೆ ಪಕ್ಕದಲ್ಲಿರೋರು ಹಾಫ್ ಮ್ಯಾರಥಾನ್ ಟೈಮಿಂಗ್ ಮಾತಾಡ್ತಿರ್ತಾರೆ. ಸಂತೋಷ. ಆದ್ರೆ ಓಡೋರ ಜೊತೆ ಓಡೋದು ಹೇಗೆ ಅಂತ ಹೇಳಿಕೊಡೋರೂ ಹುಟ್ಕೊಂಡಿದಾರೆ. ಅವರೆಲ್ಲ ಮೊದಲು ಹೇಳೋದು ಒಂದೇ ಮಾತು: "ಹಿಮ್ಮಡಿ ಊರಿ ಓಡ್ಬೇಡಿ ಸಾರ್, ಮಂಡಿ ಹೋಗತ್ತೆ. ತುದಿಗಾಲಲ್ಲಿ ಓಡಿ."

ಈ ಮಾತಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅದನ್ನ ಬರೆದು ಬಿಡೋಣ ಅಂತ ಈ ಪೋಸ್ಟು.

ನಮ್ಮ ಹಿಂದಿನ ಕ್ರಾಸಿನಲ್ಲಿ ಒಬ್ರಿದ್ದಾರೆ, ಐವತ್ತರ ಹತ್ರ ವಯಸ್ಸು, ಸಕ್ಕರೆ ಕಾಯಿಲೆ. ನಡೀತಾ ನಡೀತಾ ಓಡೋಕೆ ಶುರು ಮಾಡಿ, ಎರಡು ವರ್ಷ ನಿಧಾನವಾಗಿ, ಯಾರಿಗೂ ತೊಂದರೆ ಕೊಡದೆ ಓಡ್ಕೊಂಡಿದ್ರು. ಶುಗರ್ ಹಿಡಿತಕ್ಕೆ ಬಂದಿತ್ತು. ಯಾರೋ ವಿಡಿಯೋ ತೋರಿಸಿ "ನಿಮ್ಮ ಫೂಟ್ ಸ್ಟ್ರೈಕ್ ತಪ್ಪು" ಅಂದ್ರು. ಇವರು ಮಾರನೇ ದಿನದಿಂದ್ಲೇ ತುದಿಗಾಲಲ್ಲಿ ಓಡಿದ್ರು, ಅದೂ ಮಾಮೂಲಿನಷ್ಟೇ ದೂರ. ಮೂರು ವಾರ ಕಳೆದ ಮೇಲೆ ಸಿಕ್ಕಿದ್ರು. "ಏನ್ ಸಾರ್, ಕಾಣಿಸ್ತಾನೇ ಇಲ್ಲ?" ಅಂದೆ. "ಬೆಳಿಗ್ಗೆ ಎದ್ರೆ ಕಾಲು ಕೆಳಗಿಡೋಕಾಗಲ್ಲ ಸಾರ್. ಓಟ ನನ್ನಂಥೋರಿಗಲ್ಲ ಬಿಡಿ" ಅಂದ್ರು. ಎರಡು ವರ್ಷ ಹಿಮ್ಮಡಿ ಊರಿ ಓಡಿದಾಗ ಏನೂ ಆಗದ ಕಾಲು ಅದು!

ಈ ತುದಿಗಾಲಿನ ಗೀಳು ಎಲ್ಲಿಂದ ಬಂತು ಅಂತ ಹುಡುಕಿದ್ರೆ ಹೆಚ್ಚು ಹಿಂದೆ ಹೋಗ್ಬೇಕಿಲ್ಲ. 2009ರಲ್ಲಿ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಅನ್ನೋರ 'ಬಾರ್ನ್ ಟು ರನ್' ಪುಸ್ತಕ ಬಂತು. ಮೆಕ್ಸಿಕೋದ ತರಾಹುಮಾರಾ ಜನ ತೆಳ್ಳನೆ ಚಪ್ಪಲಿ ಹಾಕ್ಕೊಂಡು ಬೆಟ್ಟ ಗುಡ್ಡ ಓಡೋ ಕಥೆ. ಮಾರನೇ ವರ್ಷ ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರ ಅಧ್ಯಯನ 'ನೇಚರ್' ಪತ್ರಿಕೆಯಲ್ಲಿ ಬಂತು. ಅಭ್ಯಾಸದಿಂದ ಬರಿಗಾಲಲ್ಲಿ ಓಡೋರು ಹೆಚ್ಚಾಗಿ ಪಾದದ ಮುಂಭಾಗ ಊರ್ತಾರೆ, ಆಗ ಕಾಲು ನೆಲಕ್ಕೆ ತಾಗೋ ಮೊದಲ ಕ್ಷಣದ ಹೊಡೆತ ಕಡಿಮೆ ಇರತ್ತೆ ಅನ್ನೋದು ಅದರ ಸಾರ. ಎಲ್ಲರೂ ಶೂ ಬಿಚ್ಚಿ ಬಿಸಾಕಿ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಆದ್ರೆ ಜನ ಓದೋದು ಹೆಡ್ಡಿಂಗ್ ತಾನೇ :) ಐದು ಬೆರಳಿನ ಕೈಗವಸಿನ ಥರ ಇರೋ ಶೂ ಭರ್ಜರಿಯಾಗಿ ಮಾರಾಟವಾಯ್ತು. ಕೊನೆಗೆ, ಅದರಿಂದ ಪಾದ ಗಟ್ಟಿಯಾಗತ್ತೆ, ಗಾಯ ಕಡಿಮೆಯಾಗತ್ತೆ ಅಂತ ಹೇಳಿದ್ದಕ್ಕೆ ಆಧಾರ ಇಲ್ಲ ಅಂತ ಕೇಸು ಬಿದ್ದು, 2014ರಲ್ಲಿ ವೈಬ್ರಮ್ ಕಂಪನಿ ತಪ್ಪು ಒಪ್ಪಿಕೊಳ್ಳದೇ 37.5 ಲಕ್ಷ ಡಾಲರಿಗೆ ರಾಜಿ ಮಾಡ್ಕೊಂಡಿತು. ಅಲ್ಲಿಗೆ ಶೂ ಹಳೇದಾಯ್ತು, ಮಾತು ಮಾತ್ರ ನಮ್ಮ ಪಾರ್ಕಿಗೆ ಬಂದು ಕೂತಿದೆ.

ಹಾಗಾದ್ರೆ ಚೆನ್ನಾಗಿ ಓಡೋರು ಹೇಗೆ ಕಾಲಿಡ್ತಾರೆ? ಜಪಾನಿನಲ್ಲಿ 2004ರ ಸಪ್ಪೊರೊ ಹಾಫ್ ಮ್ಯಾರಥಾನಿನ 15ನೇ ಕಿಲೋಮೀಟರಿನಲ್ಲಿ ಕ್ಯಾಮೆರಾ ಇಟ್ಟು ನೋಡಿದಾರೆ. 283 ಜನ ಪಳಗಿದ ಓಟಗಾರರು. ಅವರಲ್ಲಿ ಸುಮಾರು ಮುಕ್ಕಾಲು ಭಾಗ ಹಿಮ್ಮಡಿಯವರು. ತುದಿಗಾಲಿನವರು ನೂರಕ್ಕೆ ಇಬ್ಬರೂ ಇಲ್ಲ. ಮುಂದಿದ್ದ ವೇಗದ ಓಟಗಾರರಲ್ಲಿ ಪಾದದ ಮಧ್ಯಭಾಗ ಊರೋರು ಜಾಸ್ತಿ ಇದ್ರು, ಅದೂ ನಿಜ. ಆದ್ರೆ ಅದು ವೇಗದ ಜೊತೆಗೆ ಬರೋ ಲಕ್ಷಣವೂ ಇರಬಹುದು. ಆರು ನಿಮಿಷಕ್ಕೆ ಕಿಲೋಮೀಟರ್ ಓಡೋನು ಮೂರು ನಿಮಿಷದವನ ಪಾದ ಅನುಕರಿಸಿದ್ರೆ ಮೂರು ನಿಮಿಷದವನಾಗಲ್ಲ. 2017ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್ ಮ್ಯಾರಥಾನಿನಲ್ಲೂ ನೋಡಿದಾರೆ, ಅಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಹಿಮ್ಮಡಿಯವರೇ.

ಬರಿಗಾಲಿನವರ ಕಥೆಯೂ ಅಷ್ಟು ಸರಳ ಅಲ್ಲ. ಉತ್ತರ ಕೆನ್ಯಾದ ದಾಸನಾಚ್ ಜನ ಹುಟ್ಟಿದಾಗಿನಿಂದ ಬರಿಗಾಲಲ್ಲೇ ಇರೋರು. 2013ರಲ್ಲಿ ಬಂದ ಅಧ್ಯಯನದಲ್ಲಿ, ಅವರಿಗೆ ಹಿತವಾದ ವೇಗದಲ್ಲಿ ಓಡಿದಾಗ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರಿದ್ರು.

ನನಗೆ ಅರ್ಥವಾಗಿರೋದು ಇಷ್ಟು. ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳತ್ತೆ. ಎಲ್ಲಿ ಊರಿದ್ರೂ ಆ ಭಾರ ಮಾಯ ಆಗಲ್ಲ, ಜಾಗ ಬದಲಾಯಿಸತ್ತೆ ಅಷ್ಟೇ. ಹಿಮ್ಮಡಿ ಊರಿದ್ರೆ ಮಂಡಿಗೆ ಹೆಚ್ಚು ಕೆಲಸ. ತುದಿಗಾಲು ಊರಿದ್ರೆ ಮೀನಖಂಡಕ್ಕೆ, ಹಿಮ್ಮಡಿ ಹಿಂದಿನ ಅಕಿಲಿಸ್‌ಗೆ, ಪಾದದ ಸಣ್ಣ ಮೂಳೆಗಳಿಗೆ ಹೆಚ್ಚು ಕೆಲಸ. ಮಂಡಿ ನೋವಿರೋರಿಗೆ ಈ ವರ್ಗಾವಣೆ ಉಪಯೋಗಕ್ಕೆ ಬರಬಹುದು, ಸರಿಯಾಗಿ ನೋಡೋ ಫಿಸಿಯೋ ಜೊತೆ, ತಿಂಗಳುಗಟ್ಟಲೆ. ನೋವೇ ಇಲ್ಲದವರಿಗೆ ಯಾಕೆ? 2013ರ ಇನ್ನೊಂದು ಅಧ್ಯಯನದಲ್ಲಿ 19 ಜನರನ್ನ 10 ವಾರದಲ್ಲಿ ಮಾಮೂಲಿ ಶೂನಿಂದ ಐದು ಬೆರಳಿನ ಶೂಗೆ ಬದಲಾಯಿಸಿದ್ರು. ಎಂಆರ್‌ಐ ಮಾಡಿ ನೋಡಿದಾಗ 10 ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಾಗಿತ್ತು. ಹತ್ತು ವಾರ ಕೊಟ್ಟೂ ಹೀಗೆ. ನಮ್ಮ ಹಿಂದಿನ ಕ್ರಾಸಿನವರು ತಗೊಂಡಿದ್ದು ಒಂದು ರಾತ್ರಿ.

ಪಾದದ ಯಾವ ಭಾಗ ಅನ್ನೋದಕ್ಕಿಂತ ಪಾದ ಎಲ್ಲಿ ಬೀಳತ್ತೆ ಅನ್ನೋದು ದೊಡ್ಡ ವಿಷ್ಯ ಅಂತ ನನ್ನ ಅಭಿಪ್ರಾಯ. ಕಾಲು ಉದ್ದಕ್ಕೆ ಚಾಚಿ, ಮಂಡಿ ನೆಟ್ಟಗೆ ಮಾಡಿ, ದೇಹದಿಂದ ಮುಂದೆ ದೂರದಲ್ಲಿ ಊರಿದ್ರೆ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದ ಹಾಗೆ. ಅದೇ ಹಿಮ್ಮಡಿ, ಮಂಡಿ ಸ್ವಲ್ಪ ಮಡಚಿ, ಸೊಂಟದ ಹತ್ತಿರ ಊರಿದ್ರೆ ಬೇರೆ ಕಥೆ. ಇದಕ್ಕೆ ಸುಲಭದ ದಾರಿ ಹೆಜ್ಜೆ ಸಣ್ಣ ಮಾಡಿ ಸಂಖ್ಯೆ ಹೆಚ್ಚಿಸೋದು. ಬಲಗಾಲು 30 ಸೆಕೆಂಡಿಗೆ ಎಷ್ಟು ಸಲ ಬಿತ್ತು ಎಣಿಸಿ, ನಾಲ್ಕರಿಂದ ಗುಣಿಸಿ. 160 ಬಂದ್ರೆ 168ಕ್ಕೆ ಪ್ರಯತ್ನಿಸಿ, ಶೇಕಡ 5 ಅಷ್ಟೇ. ಅಷ್ಟರಲ್ಲೇ ಮಂಡಿಯ ಭಾರ ಇಳಿಯತ್ತೆ ಅಂತ 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನವರು ಅಳೆದು ತೋರಿಸಿದಾರೆ. ಎಲ್ಲರೂ ಜಪಿಸೋ 180 ಅನ್ನೋ ಸಂಖ್ಯೆ, ಜಾಕ್ ಡೇನಿಯಲ್ಸ್ ಅನ್ನೋ ಕೋಚ್ 1984ರ ಒಲಿಂಪಿಕ್ಸಿನ ಓಟಗಾರರನ್ನ ನೋಡಿ ಎಣಿಸಿದ್ದು. ಒಲಿಂಪಿಕ್ಸಿನವರದ್ದು ಸ್ವಾಮಿ, ಚಂದ್ರಾ ಲೇಔಟಿನವರದ್ದಲ್ಲ.

ಇನ್ನೊಂದು ಪುಕ್ಕಟೆ ಪರೀಕ್ಷೆ: ಕಿವಿ. ಐದೂವರೆಗೆ ಕ್ರಾಸ್ ರಸ್ತೆ ಖಾಲಿ ಇರತ್ತಲ್ಲ, ಹಾಡು ತೆಗೆದು ನಿಮ್ಮ ಕಾಲಿನ ಸದ್ದು ಕೇಳಿ. ದಪ್ ದಪ್ ಅಂತ ಬೀದಿ ನಾಯಿ ಎದ್ದು ನೋಡೋ ಹಾಗಿದ್ರೆ ಹೆಜ್ಜೆ ಉದ್ದ ಆಗಿದೆ ಅಂತ ಲೆಕ್ಕ.

ನಮ್ಮ ಏರಿಯಾದ ನಿಜವಾದ ಸಮಸ್ಯೆ ಯಾವ ವಿಡಿಯೋದಲ್ಲೂ ಬರಲ್ಲ. ಫುಟ್‌ಪಾತ್ ಅಂದ್ರೆ ಮೋರಿ ಮೇಲಿನ ಚಪ್ಪಡಿ, ಅದರ ಮೇಲೆ ಕಾರು. ಹಾಗಾಗಿ ಓಡೋದು ರಸ್ತೆ ಅಂಚಿನಲ್ಲಿ. ರಸ್ತೆ ಅಂಚು ಮೋರಿ ಕಡೆಗೆ ಇಳಿಜಾರು. ಎದುರು ಬರೋ ವಾಹನ ಕಾಣ್ಲಿ ಅಂತ ಯಾವಾಗ್ಲೂ ಬಲಗಡೆ ಓಡಿದ್ರೆ, ಹೋಗುವಾಗ್ಲೂ ಬರುವಾಗ್ಲೂ ಬಲಗಾಲೇ ತಗ್ಗಿನಲ್ಲಿ. ವರ್ಷಗಟ್ಟಲೆ! ಒಳ ರಸ್ತೆಗಳಲ್ಲಿ ಗಾಡಿ ಓಡಾಟ ಶುರುವಾಗೋ ಮೊದಲು ನಡುವೆ ಓಡೋದು ವಾಸಿ. ಪಾರ್ಕಿಗೆ ಹೋದ್ರೆ ಇನ್ನೊಂದು ಪೇಚು. ನಾಲ್ಕು ಮೂಲೆಯ 200 ಮೀಟರ್ ದಾರಿಯಲ್ಲಿ 5 ಕಿಲೋಮೀಟರ್ ಅಂದ್ರೆ 25 ಸುತ್ತು, 100 ತಿರುವು, ಎಲ್ಲಾ ಒಂದೇ ಕಡೆಗೆ, ಇಂಟರ್‌ಲಾಕ್ ಟೈಲ್ಸ್ ಮೇಲೆ. ಉಲ್ಟಾ ತಿರುಗಿದ್ರೆ ವಾಕಿಂಗ್ ಅಜ್ಜಂದಿರು ಬೈತಾರೆ (ಅವರು ಹೇಳೋದ್ರಲ್ಲೂ ತಪ್ಪಿಲ್ಲ).

ಬರಿಗಾಲಿನ ಬಗ್ಗೆ ಒಂದು ಮಾತು. ಅಬೇಬೆ ಬಿಕಿಲ 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಂತ ಎಲ್ಲರೂ ಹೇಳ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕ್ಕೊಂಡು ಅದಕ್ಕಿಂತ ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದ ಅಂತ ಯಾರೂ ಹೇಳಲ್ಲ. 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರನ್ನ ಬೋಲ್ಟ್‌ಗೆ ಹೋಲಿಸಿದಾಗಲೂ ನಮ್ಮ ಪಾರ್ಕಿನಲ್ಲಿ "ನೋಡಿ, ಬರಿಗಾಲು!" ಅಂದ್ರು. ಅದು ಕೋಣಗಳ ಜೊತೆ ಕೆಸರಿನಲ್ಲಿ ನೂರೈವತ್ತು ಮೀಟರಿನ ಒಳಗಿನ ಓಟ. ಅದಕ್ಕೂ ಡಾಂಬರಿನ ಮೇಲೆ 21 ಕಿಲೋಮೀಟರಿಗೂ ಏನು ಸಂಬಂಧ? ಸಕ್ಕರೆ ಕಾಯಿಲೆ ಇರೋರಿಗಂತೂ ಬರಿಗಾಲು ಬೇಡವೇ ಬೇಡ. ಪಾದದ ಸ್ಪರ್ಶ ಮಂದವಾಗಿದ್ರೆ ಗಾಜು ಹೊಕ್ಕಿದ್ದೂ ಗೊತ್ತಾಗಲ್ಲ, ಹುಣ್ಣಾದ ಮೇಲೇ ಗೊತ್ತಾಗೋದು.

ಮೆತ್ತನೆ ನೆಲ ಬೇಕು ಅಂದ್ರೆ ಭಾನುವಾರ ಜ್ಞಾನಭಾರತಿಗೆ ಹೋಗಿ. ಮರ ಇದೆ, ಏರು ಇಳಿತ ಇದೆ, ರಸ್ತೆ ಬಿಟ್ಟರೆ ಮಣ್ಣು ಸಿಗತ್ತೆ. ಇಳಿಜಾರಿನಲ್ಲಿ ಮಾತ್ರ ಹೆಜ್ಜೆ ಸಣ್ಣ ಇರ್ಲಿ. ಆದ್ರೆ ವಾರದ ಮಿಕ್ಕ ಆರು ದಿನಕ್ಕೆ? ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಬಂದ್ವಲ್ಲ, ಟೈಲ್ಸ್ ಪಕ್ಕದಲ್ಲಿ ಮೂರಡಿ ಅಗಲ ಮಣ್ಣಿನ ದಾರಿ ಬಿಡಿ ಅಂತ ಒಂದು ಅರ್ಜಿ ಬರೀತಿದೀನಿ. ಟೈಲ್ಸ್‌ಗಿಂತ ಖರ್ಚೂ ಕಡಿಮೆ. ಹಿಂದಿನ ಕ್ರಾಸಿನವರು ಮೊದಲ ಸಹಿ ಹಾಕಿದಾರೆ. ಈಗ ಅವರು ಹತ್ತು ನಿಮಿಷ ನಡಿಗೆ, ಒಂದು ನಿಮಿಷ ಓಟ, ತಮ್ಮ ಹಳೇ ಹಿಮ್ಮಡಿಯಲ್ಲೇ. ನಿಮ್ಮ ಏರಿಯಾದಲ್ಲಿ ಹೀಗೆ ಮಣ್ಣಿನ ದಾರಿ ಉಳಿಸಿಕೊಂಡಿರೋ ಪಾರ್ಕ್ ಇದ್ರೆ ತಿಳಿಸಿ, ಅರ್ಜಿಯಲ್ಲಿ ಸೇರಿಸ್ತೀನಿ.